ಒಂದು ಯೂನಿಟ್‌ಗೆ ಎಷ್ಟು ಕಿಲೋಮೀಟರ್? ಎಲೆಕ್ಟ್ರಿಕ್ ಕಾರುಗಳ ಮೈಲೇಜ್ ಹೋಲಿಸುವ ಬಗೆ

ಹಾಸನದ ನಮ್ಮ ಮನೆಯಿಂದ ಮಂಗಳೂರಿಗೆ ಸುಮಾರು 170 ಕಿಲೋಮೀಟರ್. ಎಲೆಕ್ಟ್ರಿಕ್ ಕಾರು ತಂದ ಹೊಸದರಲ್ಲಿ ಚಿಕ್ಕಮ್ಮನ ಮನೆಯ ಗೃಹಪ್ರವೇಶಕ್ಕೆಂದು ಶಿರಾಡಿ ಘಾಟಿ ಇಳಿದು ಹೋದೆವು. 21 ಯೂನಿಟ್ ಕರೆಂಟ್‌ನಲ್ಲಿ ಮಂಗಳೂರು ಸೇರಿದೆವು. ವಾಪಸ್ ಹೊರಡುವ ದಿನ ಬ್ಯಾಟರಿಯಲ್ಲಿ 28 ಯೂನಿಟ್ ಇತ್ತು. ಬರುವಾಗ 21 ಸಾಕಾಗಿತ್ತು, ಇದು ಧಾರಾಳವಾಯಿತು ಅಂತ ಹೊರಟೆವು. ಸಕಲೇಶಪುರ ಮುಟ್ಟುವ ಹೊತ್ತಿಗೆ ನಾಲ್ಕೇ ಯೂನಿಟ್ ಉಳಿದಿತ್ತು. ಒಂದು ಹೋಟೆಲಿನವರು ದೊಡ್ಡ ಮನಸ್ಸು ಮಾಡಿ ಹಿಂದಿನ ಗೋಡೆಯ 15 ಆಂಪ್ ಪ್ಲಗ್ ಕೊಟ್ಟರು. ಎರಡು ಗಂಟೆ ಅಲ್ಲೇ ಕೂತು ಆಮೇಲೆ ಮನೆ ಸೇರಿದೆವು. ವಾಪಸ್ ಪ್ರಯಾಣದ ಒಟ್ಟು ಲೆಕ್ಕ 29 ಯೂನಿಟ್.

ಅದೇ ಕಾರು, ಅದೇ ರಸ್ತೆ, ಅದೇ ನಾಲ್ಕು ಜನ. ಒಮ್ಮೆ ಯೂನಿಟ್‌ಗೆ 8 ಕಿ.ಮೀ., ಇನ್ನೊಮ್ಮೆ 6ಕ್ಕಿಂತ ಕಡಿಮೆ. ಶೋರೂಮಿನಲ್ಲಿ ನಮಗೆ ಹೇಳಿದ್ದು, "ಫುಲ್ ಚಾರ್ಜ್‌ಗೆ 450 ಬರುತ್ತೆ ಸರ್" ಅಂತ. ನಮ್ಮದು 40 ಯೂನಿಟ್ ಬ್ಯಾಟರಿ. 450 ಬರಬೇಕಾದರೆ ಯೂನಿಟ್‌ಗೆ 11 ಕಿ.ಮೀ. ದಾಟಬೇಕು. ಆ ಅಂಕಿ ಸುಳ್ಳಲ್ಲ. ಒಂದು ಪರೀಕ್ಷೆಯಲ್ಲಿ ನಿಜವಾಗಿಯೂ ಬಂದ ಅಂಕಿ ಅದು. ಯಾವ ಪರೀಕ್ಷೆ ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಈಗ ಯಾರಾದರೂ ಇವಿ ಕೊಳ್ಳುವ ಮಾತೆತ್ತಿದರೆ ನಾನು ಮೊದಲು ಹೇಳುವುದು ಇದನ್ನೇ: ಎಷ್ಟು ಕಿ.ಮೀ. ಹೋಗುತ್ತದೆ ಅಂತ ಕೇಳುವ ಮುಂಚೆ, ಯಾವ ಪರೀಕ್ಷೆಯಲ್ಲಿ ಅಂತ ಕೇಳಿ.

ಮೊದಲು ಯೂನಿಟ್ ಲೆಕ್ಕ

ಕರೆಂಟ್ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಮತ್ತು ಕಾರಿನ ಬ್ಯಾಟರಿ ಅಳೆಯುವ ಒಂದು ಕೆಡಬ್ಲ್ಯೂಎಚ್ ಎರಡೂ ಒಂದೇ. 45 ಕೆಡಬ್ಲ್ಯೂಎಚ್ ಬ್ಯಾಟರಿ ಅಂದರೆ 45 ಯೂನಿಟ್ ಹಿಡಿಯುವ ಟ್ಯಾಂಕ್. ಪೆಟ್ರೋಲ್ ಕಾರಿಗೆ ಲೀಟರ್‌ಗೆ ಎಷ್ಟು ಅಂತ ಕೇಳುತ್ತೀವಲ್ಲ, ಇಲ್ಲಿ ಯೂನಿಟ್‌ಗೆ ಎಷ್ಟು ಅಂತ ಕೇಳಬೇಕು. ಇದೇ ಇವಿಯ ಮೈಲೇಜ್.

ಒಂದು ಫುಲ್ ಚಾರ್ಜ್‌ಗೆ ಎಷ್ಟು ದೂರ ಅನ್ನುವುದು ರೇಂಜ್. ರೇಂಜ್ ಬೇರೆ, ಮೈಲೇಜ್ ಬೇರೆ. ದೊಡ್ಡ ಬ್ಯಾಟರಿ ಹಾಕಿದರೆ ಯಾವ ಕಾರಿಗೂ ರೇಂಜ್ ಜಾಸ್ತಿ ಮಾಡಬಹುದು. ಅದರಿಂದ ಕಾರು ಕರೆಂಟನ್ನು ಹಿತಮಿತವಾಗಿ ಬಳಸುತ್ತದೆ ಅಂತಾಗುವುದಿಲ್ಲ. ಜಾಹೀರಾತಿನಲ್ಲಿ ರೇಂಜ್ ಮಾತ್ರ ದಪ್ಪ ಅಕ್ಷರದಲ್ಲಿರುತ್ತದೆ. ಅದನ್ನು ಬ್ಯಾಟರಿಯ ಯೂನಿಟ್‌ಗಳಿಂದ ಭಾಗಿಸಿದರೆ ಮೈಲೇಜ್ ಸಿಗುತ್ತದೆ. ಅಷ್ಟೇ ಲೆಕ್ಕ.

ಬೇರೆ ಬೇರೆ ಕಾರಿನ ಪರದೆ ಬೇರೆ ಬೇರೆ ಭಾಷೆಯಲ್ಲಿ ತೋರಿಸುತ್ತದೆ. ಕಿ.ಮೀ.ಗೆ ಇಷ್ಟು ವ್ಯಾಟ್‌ಅವರ್ ಅಂತ ತೋರಿಸಿದರೆ 1000ವನ್ನು ಆ ಅಂಕಿಯಿಂದ ಭಾಗಿಸಿ. 140 ಇದ್ದರೆ ಯೂನಿಟ್‌ಗೆ 7.1 ಕಿ.ಮೀ. ನೂರು ಕಿ.ಮೀ.ಗೆ ಇಷ್ಟು ಯೂನಿಟ್ ಅಂತಿದ್ದರೆ 100ನ್ನು ಭಾಗಿಸಿ. 16 ಇದ್ದರೆ 6.25. ಈ ಎರಡರಲ್ಲೂ ಅಂಕಿ ಸಣ್ಣದಾದಷ್ಟೂ ಒಳ್ಳೆಯದು. ಯೂನಿಟ್‌ಗೆ ಕಿ.ಮೀ. ಲೆಕ್ಕದಲ್ಲಿ ಮಾತ್ರ ದೊಡ್ಡದಿದ್ದಷ್ಟೂ ಒಳ್ಳೆಯದು. ಇಲ್ಲಿ ಎಡವುವವರು ಬಹಳ ಜನ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಫ್ರಿಡ್ಜ್, ಎಸಿ ಮೇಲಿನ ಸ್ಟಾರ್ ಚೀಟಿ ಕರೆಂಟ್ ಉಳಿತಾಯದ್ದು. ಕಾರಿನ ಜಾಹೀರಾತಿನಲ್ಲಿ ಕಾಣುವ ಭಾರತ್ ಎನ್‌ಕ್ಯಾಪ್‌ನ ಐದು ಸ್ಟಾರ್ ಅಪಘಾತದಲ್ಲಿ ಸಿಗುವ ರಕ್ಷಣೆಯದು. 2023ರ ಅಕ್ಟೋಬರ್‌ನಲ್ಲಿ ಶುರುವಾದ ವ್ಯವಸ್ಥೆ ಅದು. ಅದನ್ನು ಖಂಡಿತ ನೋಡಿ, ಆದರೆ ಮೈಲೇಜ್‌ಗೂ ಅದಕ್ಕೂ ಸಂಬಂಧವಿಲ್ಲ.

ಒಂದೇ ಕಾರಿಗೆ ಮೂರು ಅಂಕಿ ಹೇಗೆ?

ಬಿವೈಡಿ ಆಟ್ಟೋ 3 ನೋಡಿ. ಬ್ಯಾಟರಿ 60.48 ಯೂನಿಟ್. ನಮ್ಮ ದೇಶದಲ್ಲಿ ವಾಹನ ಪರೀಕ್ಷಿಸುವ ಎಆರ್‌ಎಐ ಸಂಸ್ಥೆಯ ಲೆಕ್ಕದಲ್ಲಿ ರೇಂಜ್ 521 ಕಿ.ಮೀ. ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆಯಲ್ಲಿ 480. ಅಲ್ಲಿನ ಈಗಿನ ಪರೀಕ್ಷೆಯಾದ ಡಬ್ಲ್ಯೂಎಲ್‌ಟಿಪಿಯಲ್ಲಿ 420. ಅದೇ ಕಾರು, ಅದೇ ಬ್ಯಾಟರಿ, ನೂರು ಕಿ.ಮೀ. ವ್ಯತ್ಯಾಸ. 2019ರಲ್ಲಿ ಇಲ್ಲಿಗೆ ಬಂದ ಹ್ಯುಂಡೈ ಕೋನಾ ಇನ್ನೂ ದೊಡ್ಡ ಉದಾಹರಣೆ. 39.2 ಯೂನಿಟ್ ಬ್ಯಾಟರಿಗೆ ಇಲ್ಲಿ 452 ಅಂದರು. ಅಷ್ಟೇ ಬ್ಯಾಟರಿಯ ಕೋನಾಕ್ಕೆ ಯುರೋಪಿನಲ್ಲಿ ಸುಮಾರು 300.

ಇದರ ಹಿಂದೆ ಮೋಸವಿಲ್ಲ. ಪರೀಕ್ಷೆಯಲ್ಲಿ ಕಾರು ರಸ್ತೆಗೆ ಇಳಿಯುವುದಿಲ್ಲ. ಲ್ಯಾಬಿನಲ್ಲಿ ರೋಲರ್‌ಗಳ ಮೇಲೆ ಓಡುತ್ತದೆ. ಯಾವ ಸೆಕೆಂಡಿಗೆ ಎಷ್ಟು ವೇಗ ಅಂತ ಮೊದಲೇ ಬರೆದಿಟ್ಟಿರುತ್ತಾರೆ. ನಮ್ಮ ಎಂಐಡಿಸಿ ಅನ್ನುವುದು ಅಂಥದೊಂದು ಓಟದ ಪಟ್ಟಿ. ಪುಣೆಯ ಎಆರ್‌ಎಐನಂಥ ಸಂಸ್ಥೆಗಳು ನಡೆಸುವುದು ಇದನ್ನೇ. ಇದರಲ್ಲಿ ಎರಡು ಭಾಗ. ಮೊದಲನೆಯದು ಪೂರ್ತಿ ನಗರದ ಓಟ, ವೇಗ 50 ದಾಟುವುದಿಲ್ಲ. ಎರಡನೆಯದರಲ್ಲಿ 90ರವರೆಗೆ ಹೋಗುತ್ತದೆ. ಎಸಿ ಹಾಕುವುದಿಲ್ಲ. ಘಾಟಿ ಇಲ್ಲ, ಎದುರುಗಾಳಿ ಇಲ್ಲ.

ಡಬ್ಲ್ಯೂಎಲ್‌ಟಿಪಿ ಯುರೋಪಿನಲ್ಲಿ 2017ರಿಂದ ಬಂತು. ಅರ್ಧ ಗಂಟೆಯ ಓಟ, ಸುಮಾರು 23 ಕಿ.ಮೀ., ವೇಗ 131ರವರೆಗೆ. ಇಲ್ಲೂ ಎಸಿ ಇಲ್ಲ. ಆದರೆ ಜೋರಾಗಿ ಓಡುವ ಭಾಗ ಇರುವುದರಿಂದ ಅಂಕಿ ಕೆಳಗಿಳಿದು ನೆಲಕ್ಕೆ ಹತ್ತಿರವಾಗುತ್ತದೆ. ಅಮೆರಿಕದ ಸರ್ಕಾರಿ ಸಂಸ್ಥೆ ಇಪಿಎಯ ಲೆಕ್ಕ ಇನ್ನೂ ಬಿಗಿ. ಲ್ಯಾಬಿನಲ್ಲಿ ಬಂದ ರೇಂಜನ್ನು ಸಾಮಾನ್ಯವಾಗಿ 0.7ರಿಂದ ಗುಣಿಸಿ, ಆಮೇಲೆ ಕಾರಿನ ಗಾಜಿಗೆ ಅಂಟಿಸುತ್ತಾರೆ. ಎಸಿ, ಚಳಿ, ಜೋರು ಓಟ ಎಲ್ಲಕ್ಕೂ ಸೇರಿ ಮೊದಲೇ ಕಡಿತ ಮಾಡಿದ ಹಾಗೆ.

ನಮ್ಮಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಕೆಲವು ವರ್ಷಗಳ ಹಿಂದಿನವರೆಗೆ ಕಂಪನಿಗಳು ಎಂಐಡಿಸಿಯ ಮೊದಲ ಭಾಗದ ಅಂಕಿಯನ್ನಷ್ಟೇ ಹೇಳುತ್ತಿದ್ದವು. ಈಗ ಎರಡೂ ಭಾಗ ಸೇರಿಸಿ ಹೇಳುತ್ತಾರೆ. ಟಾಟಾ ಕರ್ವ್ ಇವಿಯ 55 ಯೂನಿಟ್ ಮಾದರಿಗೆ ಮೊದಲ ಲೆಕ್ಕದಲ್ಲಿ 585 ಕಿ.ಮೀ. ಎರಡೂ ಭಾಗ ಸೇರಿದರೆ 502. ಅದೇ ಟಾಟಾ ಸಿ75 ಅನ್ನುವ ಇನ್ನೊಂದು ಅಂಕಿಯನ್ನೂ ಕೊಡುತ್ತದೆ. ನೂರರಲ್ಲಿ 75 ಗ್ರಾಹಕರಿಗೆ ಸಿಗಬಹುದಾದ ರೇಂಜ್ ಅಂತ ಅದರ ಅರ್ಥ. ಅದು 400ರಿಂದ 425. ಯೂನಿಟ್ ಲೆಕ್ಕಕ್ಕೆ ತಂದರೆ 10.6, 9.1 ಮತ್ತು 7.3ರಿಂದ 7.7. ಇಂಥ ನೆಲದ ಅಂಕಿಯನ್ನು ಕಂಪನಿಯೇ ಮುಂದೆ ಬಂದು ಹೇಳುವುದು ನನಗೆ ಬಹಳ ಇಷ್ಟವಾಯಿತು. ಎಲ್ಲರೂ ಹೀಗೆ ಮಾಡಬೇಕು.

ಹಳೆಯ ಇವಿ ಕೊಳ್ಳುವವರಂತೂ ಇದನ್ನು ಮರೆಯಬೇಡಿ. ಹಳೆಯ ಕಾರಿನ ಹಳೆಯ ಪುಸ್ತಿಕೆಯಲ್ಲಿರುವುದು ಮೊದಲ ಭಾಗದ ಅಂಕಿ ಆಗಿರಬಹುದು. ಅದನ್ನು ಹೊಸ ಕಾರಿನ ಅಂಕಿಯ ಪಕ್ಕ ಇಟ್ಟರೆ ಹಳೆಯದೇ ಗೆದ್ದ ಹಾಗೆ ಕಾಣುತ್ತದೆ.

ಒಂದೇ ಪರೀಕ್ಷೆಯವನ್ನು ಪಕ್ಕಪಕ್ಕ ಇಟ್ಟಾಗ

ಎಂಐಡಿಸಿಯ ಎರಡೂ ಭಾಗ ಸೇರಿದ ಅಂಕಿಗಳಲ್ಲಿ ಕೆಲವನ್ನು ಭಾಗಿಸಿ ನೋಡಿದ್ದೇನೆ. ಕಂಪನಿಗಳು ಆಗಾಗ ಇವನ್ನು ತಿದ್ದುತ್ತವೆ, ಕೊಳ್ಳುವ ದಿನದ ಪುಸ್ತಿಕೆ ನೋಡಿಕೊಳ್ಳಿ.

ಎಂಜಿ ವಿಂಡ್ಸರ್, 38 ಯೂನಿಟ್, 332 ಕಿ.ಮೀ.: ಯೂನಿಟ್‌ಗೆ 8.7
ಟಾಟಾ ಕರ್ವ್ ಇವಿ, 55 ಯೂನಿಟ್, 502 ಕಿ.ಮೀ.: 9.1
ಮಹೀಂದ್ರಾ ಬಿಇ 6, 59 ಯೂನಿಟ್, 557 ಕಿ.ಮೀ.: 9.4
ಮಹೀಂದ್ರಾ ಬಿಇ 6, 79 ಯೂನಿಟ್, 683 ಕಿ.ಮೀ.: 8.6
ಟಾಟಾ ಹ್ಯಾರಿಯರ್ ಇವಿ, ಹಿಂದಿನ ಎರಡು ಚಕ್ರಗಳನ್ನಷ್ಟೇ ಮೋಟಾರ್ ತಿರುಗಿಸುವ ಮಾದರಿ, 75 ಯೂನಿಟ್, 627 ಕಿ.ಮೀ.: 8.4

ಬಿಇ 6ರ ಎರಡು ಸಾಲು ಗಮನಿಸಿ. ಕಾರು ಒಂದೇ. ಬ್ಯಾಟರಿ 20 ಯೂನಿಟ್ ಹೆಚ್ಚಾದಾಗ ರೇಂಜ್ 126 ಕಿ.ಮೀ. ಏರಿತು, ಮೈಲೇಜ್ ಇಳಿಯಿತು. ದೊಡ್ಡ ಬ್ಯಾಟರಿ ಭಾರ, ಆ ಭಾರವನ್ನು ದಿನಾ ಹೊತ್ತು ತಿರುಗಬೇಕು. ತಿಂಗಳಿಗೊಮ್ಮೆ ಊರಿಗೆ ಹೋಗುವವರಿಗೆ ಆ ಹೊರೆ ಸಾರ್ಥಕ. ಆಫೀಸು, ಮಕ್ಕಳ ಶಾಲೆ, ಅಷ್ಟೇ ಓಡಾಟ ಇರುವವರು ಸುಮ್ನೆ ಹೊರುತ್ತಾರೆ.

ಬಿಇ 6ರ 79 ಯೂನಿಟ್ ಮಾದರಿಗೆ ಕಂಪನಿ ಡಬ್ಲ್ಯೂಎಲ್‌ಟಿಪಿ ಅಂಕಿಯನ್ನೂ ಹೇಳಿತ್ತು, 550 ಕಿ.ಮೀ. ಅಂದರೆ ಯೂನಿಟ್‌ಗೆ ಸುಮಾರು 7. ಹೊರಗಿನಿಂದ ಬರುವ ಕೆಲವು ಕಂಪನಿಗಳು ಇಲ್ಲಿಯೂ ಡಬ್ಲ್ಯೂಎಲ್‌ಟಿಪಿಯನ್ನೇ ಹೇಳುತ್ತವೆ. ಭಾರತದಲ್ಲಿ ಟೆಸ್ಲಾ ಮಾಡೆಲ್ ವೈಗೆ ಹೇಳಿದ 500 ಮತ್ತು 622 ಅಂಥವು. ಇನ್ನೊಂದು ಕಾರಿನ ಎಂಐಡಿಸಿ 627ರ ಪಕ್ಕ ಈ 622 ಇಟ್ಟು "ಎರಡೂ ಸಮ" ಅಂದರೆ ತಪ್ಪಾಗುತ್ತದೆ. ಎಂಐಡಿಸಿಯ 100 ಸುಮಾರಾಗಿ ಡಬ್ಲ್ಯೂಎಲ್‌ಟಿಪಿಯ 80. ಆಟ್ಟೋ 3, ಬಿಇ 6 ಎರಡರ ಅಂಕಿಗಳೂ ಇದನ್ನೇ ಹೇಳುತ್ತವೆ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಅಲ್ಲಿ ಎಂಪಿಜಿಇ ಅಂತ ಬರೆದಿರುತ್ತಾರೆ. ಒಂದು ಗ್ಯಾಲನ್ ಪೆಟ್ರೋಲಿನ ಶಕ್ತಿ 33.7 ಯೂನಿಟ್‌ಗೆ ಸಮ ಅಂತ ಹಿಡಿದು ಮಾಡಿದ ಲೆಕ್ಕ. ಆ ಅಂಕಿಯನ್ನು 21ರಿಂದ ಭಾಗಿಸಿದರೆ ಯೂನಿಟ್‌ಗೆ ಎಷ್ಟು ಕಿ.ಮೀ. ಅಂತ ಸಿಗುತ್ತದೆ. 120 ಎಂಪಿಜಿಇ ಅಂದರೆ ಸುಮಾರು 5.7. "ಇಷ್ಟು ಕಡಿಮೆಯಾ?" ಅನ್ನಿಸಬಹುದು. ಅದರಲ್ಲಿ ಚಾರ್ಜ್ ಮಾಡುವಾಗ ಸೋರಿಹೋಗುವ ಕರೆಂಟೂ ಸೇರಿದೆ. ಗೋಡೆಯ ಪ್ಲಗ್ಗಿನಿಂದ ಎಷ್ಟು ಎಳೆಯಿತು ಅನ್ನುವ ಲೆಕ್ಕ ಅದು. ಊರಿನ ತಮ್ಮನ ಕಾರಿನ ಪರದೆಯ 7ಕ್ಕೂ ನಿಮ್ಮ 5.7ಕ್ಕೂ ಅಂಥ ದೊಡ್ಡ ಅಂತರವೇನಿಲ್ಲ.

ಗೋಡೆಯಿಂದ ಬ್ಯಾಟರಿಗೆ ಬರುವಷ್ಟರಲ್ಲಿ

ಈ ಸೋರಿಕೆಯ ಬಗ್ಗೆ ಶೋರೂಮಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಚಾರ್ಜ್ ಮಾಡುವಾಗ ಎಳೆದ ಕರೆಂಟೆಲ್ಲ ಬ್ಯಾಟರಿಗೆ ಸೇರುವುದಿಲ್ಲ. ನೂರಕ್ಕೆ 10ರಿಂದ 15ರಷ್ಟು ಬಿಸಿಯಾಗಿ ಹೋಗುತ್ತದೆ. 40 ಯೂನಿಟ್ ಬ್ಯಾಟರಿ ತುಂಬಲು ಮೀಟರ್ ಸುಮಾರು 45 ಯೂನಿಟ್ ಓಡುತ್ತದೆ. ಕಾರಿನ ಪರದೆಯ ಮೈಲೇಜ್ ಬ್ಯಾಟರಿಯಿಂದ ಮುಂದಿನದು. ನಿಮ್ಮ ಜೇಬಿನ ಮೈಲೇಜ್ ಮೀಟರಿನಿಂದ ಶುರು.

ಬ್ಯಾಟರಿಯ ಅಳತೆಯಲ್ಲೂ ಎರಡು ಬಗೆ. ಒಟ್ಟು ಎಷ್ಟು ಅನ್ನುವುದು ಒಂದು, ಅದರಲ್ಲಿ ಬಳಸಲು ಬಿಡುವುದು ಎಷ್ಟು ಅನ್ನುವುದು ಇನ್ನೊಂದು. ಫೋಕ್ಸ್‌ವ್ಯಾಗನ್ ಐಡಿ.3ರ ಒಂದು ಮಾದರಿಯಲ್ಲಿ ಒಟ್ಟು 62, ಬಳಕೆಗೆ 58. ಒಂದು ಕಾರಿನ ಒಟ್ಟು ಅಂಕಿಯನ್ನು ಇನ್ನೊಂದರ ಬಳಕೆಯ ಅಂಕಿಯ ಜೊತೆ ಹೋಲಿಸಿದರೆ ಲೆಕ್ಕ ಕೆಡುತ್ತದೆ. ಹೇಳುತ್ತಿರುವುದು ಯಾವುದು ಅಂತ ಕೇಳಿ, ಉತ್ತರ ಬರೆಸಿಕೊಳ್ಳಿ.

ನಮ್ಮ ರಸ್ತೆಗೆ ತಂದು ನೋಡೋಣ

ಅಂಕಿ ಎಷ್ಟೇ ಚೆನ್ನಾಗಿದ್ದರೂ ನಮ್ಮ ರಸ್ತೆಯಲ್ಲಿ ಏನಾಗುತ್ತದೆ ಅನ್ನುವುದೇ ಮುಖ್ಯ, ಅಲ್ವಾ? ಮೂರು ಸಂಗತಿ ಮೈಲೇಜ್ ತಿನ್ನುತ್ತವೆ: ವೇಗ, ಏರು, ಎಸಿ. ಯಾವುದು ಹೆಚ್ಚು ತಿನ್ನುತ್ತದೆ ಅನ್ನುವುದು ನಿಮ್ಮ ಊರಿನ ಮೇಲಿದೆ.

ವೇಗ ಹೆಚ್ಚಾದಂತೆ ಗಾಳಿಯ ತಡೆ ಅದರ ವರ್ಗದಷ್ಟು ಹೆಚ್ಚುತ್ತದೆ. 80ರಲ್ಲಿ ಹೋಗುವಾಗಿನ ತಡೆಗಿಂತ 100ರಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚು. ಎಂಐಡಿಸಿ 90ಕ್ಕೇ ನಿಲ್ಲುತ್ತದೆ, ಅದೂ ಸ್ವಲ್ಪವೇ ಹೊತ್ತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ಕ್ಕೆ ಕ್ರೂಸ್ ಹಾಕಿ ಕೂತರೆ ಪುಸ್ತಿಕೆಯ ಅಂಕಿ ಬರುವ ಮಾತೇ ಇಲ್ಲ. ಎತ್ತರದ, ಡಬ್ಬಿಯಂಥ ಎಸ್‌ಯುವಿಗೆ ಪೆಟ್ಟು ಇನ್ನೂ ಜೋರು. ಹೆದ್ದಾರಿ ಓಟವೇ ಹೆಚ್ಚಿರುವವರು ತಗ್ಗಾದ, ನುಣುಪಾದ ಮೈಯ ಕಾರು ನೋಡುವುದು ಒಳ್ಳೆಯದು.

ಏರಿನ ಲೆಕ್ಕ ನನಗೆ ತುಂಬ ಪಾಠ ಕಲಿಸಿತು. ಒಂದು ಟನ್ ತೂಕವನ್ನು 100 ಮೀಟರ್ ಮೇಲಕ್ಕೆತ್ತಲು 0.27 ಯೂನಿಟ್ ಬೇಕು. ಜನ, ಸಾಮಾನು ಸೇರಿ ನಮ್ಮ ಕಾರು 1.8 ಟನ್. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಮಂಗಳೂರಿನಿಂದ ಅಷ್ಟು ಎತ್ತರ ಹತ್ತುವುದಕ್ಕೇ ನಾಲ್ಕೂವರೆ ಯೂನಿಟ್, ಮೋಟಾರಿನ ನಷ್ಟ ಸೇರಿದರೆ ಐದು. ಇಳಿಯುವಾಗ ರೀಜೆನ್ ಬ್ರೇಕ್, ಅಂದರೆ ಕಾರಿನ ವೇಗ ತಗ್ಗಿಸುತ್ತಲೇ ಕರೆಂಟ್ ಮಾಡುವ ಬ್ರೇಕ್, ಒಂದಿಷ್ಟು ವಾಪಸ್ ತುಂಬುತ್ತದೆ, ಪೂರ್ತಿಯಲ್ಲ. ಹೋಗುವಾಗ 21, ಬರುವಾಗ 29 ಆದದ್ದು ಹೀಗೆ. ಕರಾವಳಿಯವರು ಬೆಂಗಳೂರಿಗೆ ಹೊರಟಾಗ ಈ ಐದು ಯೂನಿಟ್ಟನ್ನು, ಅಂದರೆ ಮೂವತ್ತು–ಮೂವತ್ತೈದು ಕಿ.ಮೀ. ರೇಂಜನ್ನು, ಮೊದಲೇ ತೆಗೆದಿಟ್ಟು ಲೆಕ್ಕ ಹಾಕಬೇಕು. ಶಿರಾಡಿ ಇರಲಿ, ಚಾರ್ಮಾಡಿ ಇರಲಿ, ಸುತ್ತಿ ಹೋದರೂ ಎತ್ತರ ಅಷ್ಟೇ.

ಎಸಿಯ ವಿಷಯ ಹೆಚ್ಚಿನವರು ತಲೆಕೆಳಗಾಗಿ ತಿಳಿದಿದ್ದಾರೆ. ಹೆದ್ದಾರಿಯಲ್ಲಿ ಎಸಿ ಆರಿಸಿ ಬೆವರುತ್ತಾರೆ, ಊರೊಳಗೆ ಹಾಕಿಕೊಳ್ಳುತ್ತಾರೆ. ಎಸಿ ತಿನ್ನುವುದು ಗಂಟೆ ಲೆಕ್ಕದಲ್ಲಿ, ಕಿ.ಮೀ. ಲೆಕ್ಕದಲ್ಲಲ್ಲ. ಬಿಸಿಲಿನಲ್ಲಿ ಗಂಟೆಗೆ ಒಂದು ಯೂನಿಟ್ ಅಂದುಕೊಳ್ಳಿ. ಹೆದ್ದಾರಿಯಲ್ಲಿ ಆ ಗಂಟೆಯಲ್ಲಿ 80 ಕಿ.ಮೀ. ಹೋಗಿರುತ್ತೀರಿ. ಯೂನಿಟ್‌ಗೆ 7 ಕೊಡುತ್ತಿದ್ದ ಕಾರು ಆರೂವರೆಗೆ ಇಳಿಯುತ್ತದೆ, ಅಷ್ಟೇ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಗಂಟೆಗೆ 15 ಕಿ.ಮೀ. ತೆವಳುವಾಗ 8 ಕೊಡುತ್ತಿದ್ದ ಕಾರು ಐದರ ಹತ್ತಿರ ಬಂದುಬಿಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಕಡೆಯವರು ಇದನ್ನು ಇನ್ನೂ ಧಾರಾಳವಾಗಿ ಲೆಕ್ಕ ಹಿಡಿಯಬೇಕು.

ಇವೆಲ್ಲ ಸೇರಿಸಿ ನಾನು ಬಳಸುವ ಲೆಕ್ಕ ಇದು. ಎಂಐಡಿಸಿ ಎರಡೂ ಭಾಗದ ಅಂಕಿಯಾದರೆ ಮುಕ್ಕಾಲು ಭಾಗ ನಂಬುತ್ತೇನೆ. 100ರ ವೇಗದ ಹೆದ್ದಾರಿಗೆ ಮೂರನೇ ಎರಡು ಭಾಗ. ಡಬ್ಲ್ಯೂಎಲ್‌ಟಿಪಿ ಆದರೆ ನೂರಕ್ಕೆ 90.

ದುಡ್ಡು ಎಷ್ಟು, ಹೊತ್ತು ಎಷ್ಟು

ಯೂನಿಟ್‌ಗೆ 8 ಕೊಡುವ ಕಾರಿಗೂ 6 ಕೊಡುವ ಕಾರಿಗೂ ತಿಂಗಳಿಗೆ ಎಷ್ಟು ವ್ಯತ್ಯಾಸ? 1000 ಕಿ.ಮೀ. ಓಡಿಸಿ, ಮನೆಯಲ್ಲೇ ಚಾರ್ಜ್ ಮಾಡಿ, ಸೋರಿಕೆ ಸೇರಿಸಿದರೆ ಒಂದಕ್ಕೆ 140 ಯೂನಿಟ್, ಇನ್ನೊಂದಕ್ಕೆ 187. ಯೂನಿಟ್‌ಗೆ 6 ರೂಪಾಯಿ ಅಂತಿಟ್ಟುಕೊಂಡರೆ ವ್ಯತ್ಯಾಸ ಸುಮಾರು 280 ರೂಪಾಯಿ. ಇದಕ್ಕಾಗಿ ಮನಸ್ಸಿಗೆ ಹಿಡಿಸಿದ ಕಾರು ಬಿಡಬೇಕಾಗಿಲ್ಲ. ಆದರೆ ಮನೆಯಲ್ಲಿ ಪಾರ್ಕಿಂಗ್ ಇಲ್ಲದೆ ಹೊರಗಿನ ಫಾಸ್ಟ್ ಚಾರ್ಜರ್ ನಂಬಿದವರಿಗೆ ಯೂನಿಟ್ 20 ರೂಪಾಯಿ ಬಿದ್ದರೆ, ಸೋರಿಕೆ ಬಿಟ್ಟು ಲೆಕ್ಕ ಹಾಕಿದರೂ ಅದೇ ವ್ಯತ್ಯಾಸ 840ರಷ್ಟಾಗುತ್ತದೆ. ಅಂಥವರು ಮೈಲೇಜನ್ನೇ ಮೊದಲು ನೋಡಬೇಕು.

ಕರ್ನಾಟಕದಲ್ಲಿ ಇನ್ನೊಂದು ಲೆಕ್ಕವೂ ಇದೆ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮನೆಗೆ 90 ಯೂನಿಟ್ ಸಾಕಾಗುತ್ತಿದ್ದವರು ಕಾರಿನ 140 ಸೇರಿಸಿದರೆ 230. ಕಾರಿನ ಖರ್ಚಿನ ಜೊತೆ ಮನೆಯ ಬಿಲ್ಲೂ ತಲೆ ಮೇಲೆ ಬರುತ್ತದೆ. ಇವಿಗೆಂದೇ ಬೇರೆ ಮೀಟರ್ ಹಾಕಿಸಿಕೊಳ್ಳುವ ದಾರಿ ಇದೆ. ಕಾರು ಬುಕ್ ಮಾಡುವ ಮುಂಚೆಯೇ ನಿಮ್ಮ ವಿದ್ಯುತ್ ಕಚೇರಿಯಲ್ಲಿ ಕೇಳಿಕೊಳ್ಳಿ.

ನನ್ನ ಅನುಭವದಲ್ಲಿ ಒಳ್ಳೆಯ ಮೈಲೇಜಿನ ನಿಜವಾದ ಲಾಭ ಕಾಣುವುದು ಹೊತ್ತಿನಲ್ಲಿ. ಮನೆಯ 15 ಆಂಪ್ ಪ್ಲಗ್ಗಿನಲ್ಲಿ ರಾತ್ರಿ ಎಂಟು ಗಂಟೆ ಚಾರ್ಜ್ ಮಾಡಿದರೆ ಬ್ಯಾಟರಿಗೆ 21 ಯೂನಿಟ್ ಆಸುಪಾಸು ಸೇರುತ್ತದೆ. 8ರ ಕಾರಿಗೆ ಅದು 168 ಕಿ.ಮೀ., 6ರ ಕಾರಿಗೆ 126. ಹೆದ್ದಾರಿಯ 30 ಕಿಲೋವ್ಯಾಟ್ ಚಾರ್ಜರಿನಲ್ಲಿ ಅರ್ಧ ಗಂಟೆ ನಿಂತರೆ ಒಬ್ಬರಿಗೆ 120 ಕಿ.ಮೀ., ಇನ್ನೊಬ್ಬರಿಗೆ 90. ಹಬ್ಬದ ಹಿಂದಿನ ದಿನ ಚಾರ್ಜರ್ ಮುಂದೆ ಸಾಲು ನಿಂತಿರುವಾಗ ಈ ಮೂವತ್ತು ಕಿ.ಮೀ. ಬೆಲೆ ಗೊತ್ತಾಗುತ್ತದೆ.

ಯಾರಿಗೆ ಯಾವುದು

ದಿನಕ್ಕೆ 30–40 ಕಿ.ಮೀ., ಮನೆಯಲ್ಲಿ ಪ್ಲಗ್ ಇದೆ, ದೂರದ ಊರಿಗೆ ರೈಲೋ ಬಸ್ಸೋ ಅನ್ನುವವರಿಗೆ 25ರಿಂದ 35 ಯೂನಿಟ್ಟಿನ ಸಣ್ಣ ಕಾರು ಸಾಕು. ದೊಡ್ಡ ಬ್ಯಾಟರಿಯ ದುಡ್ಡು ಉಳಿಸಿಕೊಳ್ಳಿ.

ತಿಂಗಳಿಗೆ ಎರಡು ಸಲ 300 ಕಿ.ಮೀ. ದಾಟಿ ಊರಿಗೆ ಹೋಗುವವರು ಸುಮಾರು 55–60 ಯೂನಿಟ್ ಬ್ಯಾಟರಿಯ ಕಾರುಗಳಲ್ಲಿ ಹೆಚ್ಚು ಮೈಲೇಜ್ ಕೊಡುವುದನ್ನು ಆರಿಸಿ. ಬ್ಯಾಟರಿ ವರ್ಷ ಕಳೆದಂತೆ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ, ಆ ಅಂತರವನ್ನೂ ಈಗಲೇ ಬಿಟ್ಟಿರಬೇಕು. ಘಾಟಿ ಹತ್ತುವ ಮನೆಗಳಿಗೆ ನಾನು ಇದಕ್ಕಿಂತ ಚಿಕ್ಕದನ್ನು ಹೇಳುವುದಿಲ್ಲ. 75 ದಾಟಿದ ಬ್ಯಾಟರಿ ಬೇಕಾಗುವುದು ವಾರವಾರವೂ ಬೆಂಗಳೂರು–ಹುಬ್ಬಳ್ಳಿಯಂಥ ದಾರಿ ಓಡುವವರಿಗೆ.

ಎರಡು ಕಾರುಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಎರಡನ್ನೂ ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ ಓಡಿಸಿ ನೋಡಿ. ಹೊರಡುವಾಗ ಟ್ರಿಪ್ ಮೀಟರ್ ಸೊನ್ನೆ ಮಾಡಿ. ಎಸಿ 24ಕ್ಕೆ ಇಡಿ. ಕಡಿಮೆಯೆಂದರೆ 30 ಕಿ.ಮೀ. ಹೋಗಿ, ಬಂದ ದಾರಿಯಲ್ಲೇ ವಾಪಸ್ ಬನ್ನಿ. ಹೋಗುವಾಗಿನ ಏರು ಬರುವಾಗ ಇಳಿಜಾರಾಗುವುದರಿಂದ ಲೆಕ್ಕ ಒಂದಿಷ್ಟು ಸರಿಹೋಗುತ್ತದೆ. ಶೋರೂಮಿನವರು "ಇಲ್ಲೇ ಬ್ಲಾಕ್ ಸುತ್ತಿ ಬನ್ನಿ ಸರ್" ಅಂದರೆ ಒಪ್ಪಬೇಡಿ. ಹತ್ತು ಲಕ್ಷಕ್ಕಿಂತ ಜಾಸ್ತಿ ಕೊಡುವ ಗ್ರಾಹಕರು ನೀವು, ಒಂದು ಗಂಟೆಯ ಓಟ ಕೇಳುವ ಹಕ್ಕು ನಿಮಗಿದೆ. ವಾಪಸ್ ಬಂದ ಮೇಲೆ ಪರದೆಯ ಫೋಟೋ ತೆಗೆದುಕೊಳ್ಳಿ. ಮರುದಿನ ಇನ್ನೊಂದು ಕಾರಿನ ಫೋಟೋ ಬಂದಾಗ ಎರಡನ್ನೂ ಪಕ್ಕಪಕ್ಕ ಇಡಿ.